ಹೀಬ್ರೂ ಪಂಚಾಂಗದ ಹೊಸ ತಿಂಗಳು: ಲೆಕ್ಕ ಹಾಕುವುದು ಹೇಗೆ?

ಯಹೂದಿಗಳ ಹೀಬ್ರೂ ಪಂಚಾಂಗಕ್ಕೆ ಕೈ ಹಾಕುವ ನಮ್ಮವರು ಮಾಡುವ ಮೊದಲ ತಪ್ಪು ಒಂದೇ. ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ಹುಡುಕಿ, ಮಾರನೇ ದಿನವೇ ಅವರ ಹೊಸ ತಿಂಗಳು ಅಂದುಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. 2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ರ ಭಾನುವಾರ. ಯಹೂದಿಗಳ ಹೊಸ ವರ್ಷ ರೋಶ್ ಹಶಾನಾ ಸೋಮವಾರವೇ ಅಂತ ಗೆಳೆಯನ ಹತ್ತಿರ ಪಂದ್ಯ ಕಟ್ಟಿದೆ. ಅದು ಬಂದದ್ದು ಮಂಗಳವಾರ. ಒಂದು ಊಟ ಕೊಡಿಸಬೇಕಾಯಿತು.

ನಮ್ಮ ಪಂಚಾಂಗ ನಿಜವಾದ ಸೂರ್ಯ, ಚಂದ್ರರ ಹಿಂದೆ ಓಡುತ್ತದೆ. ಅವರದು ಸರಾಸರಿ ಲೆಕ್ಕ. ಮೊದಲು ಅಲ್ಲೂ ಸಾಕ್ಷಿಗಳು ಬಂದು ಎಳೆ ಚಂದ್ರ ಕಂಡಿತು ಎಂದು ಹೇಳಬೇಕಿತ್ತು. ರಬ್ಬಾನ್ ಗಮ್ಲಿಯೇಲ್ ಎಂಬ ಗುರುಗಳು ಚಂದ್ರನ ಆಕಾರಗಳ ಚಿತ್ರ ಗೋಡೆಗೆ ಹಾಕಿಕೊಂಡು, ನೀವು ಕಂಡದ್ದು ಇದೋ ಅದೋ ಎಂದು ಸಾಕ್ಷಿಗಳನ್ನು ಕೇಳುತ್ತಿದ್ದರಂತೆ. ಈಗಿನ ಲೆಕ್ಕಕ್ಕೆ ಆಕಾಶ ಬೇಕಿಲ್ಲ. ಪೆನ್ನು, ಹಾಳೆ ಸಾಕು.

ಹಂತ 1: ಅಳತೆ ಬದಲಿಸಿಕೊಳ್ಳಿ. ದಿನ ಶುರುವಾಗುವುದು ಹಿಂದಿನ ಸಂಜೆ 6ಕ್ಕೆ. ಭಾನುವಾರ 1, ಶನಿವಾರ 7. ಗಂಟೆಗೆ 60 ನಿಮಿಷವಲ್ಲ, 1080 ಹೆಲೆಕ್. ಅಂದರೆ ನಮ್ಮ ಒಂದು ನಿಮಿಷಕ್ಕೆ 18. ಈ 1080 ವಿಚಿತ್ರ ಅನಿಸಬಹುದು. ಆದರೆ 1ರಿಂದ 10ರವರೆಗೆ 7 ಬಿಟ್ಟು ಎಲ್ಲದರಿಂದಲೂ ಅದು ಸಲೀಸಾಗಿ ಭಾಗವಾಗುತ್ತದೆ.

ಹಂತ 2: ಮೊಲಾದ್ ಕೂಡಿಸಿ. ಮೊಲಾದ್ ಅಂದರೆ ಚಂದ್ರ ಹೊಸದಾಗಿ ಹುಟ್ಟುವ ಸರಾಸರಿ ಗಳಿಗೆ. ಒಂದರಿಂದ ಇನ್ನೊಂದಕ್ಕೆ 29 ದಿನ, 12 ಗಂಟೆ, 793 ಹೆಲೆಕ್. ನಾಲ್ಕು ವಾರ ತೆಗೆದರೆ ಉಳಿಯುವುದು 1 ದಿನ, 12 ಗಂಟೆ, 793 ಹೆಲೆಕ್. ವಾರ ಗೊತ್ತಾಗಲು ಇಷ್ಟು ಸಾಕು.

ಇಲ್ಲೇ ಜಾಸ್ತಿ ಜನ ಎಡವುವುದು. ಒಬ್ಬರು ಎಕ್ಸೆಲ್‌ನಲ್ಲಿ 12.793 ಎಂದು ಬರೆದುಕೊಂಡು ಎರಡು ಸಲ ಕೂಡಿಸಿ 25.586 ಎಂದು ತೋರಿಸಿದರು. ತಪ್ಪು. 793ಕ್ಕೆ 793 ಸೇರಿದರೆ 1586. ಅದರಲ್ಲಿ 1080 ಕಳೆದು ಒಂದು ಗಂಟೆ ದಶಕ ಕೊಡಬೇಕು. ಉತ್ತರ 25 ಗಂಟೆ, 506 ಹೆಲೆಕ್. ಎಕ್ಸೆಲ್ ಬೇಡವೇ ಬೇಡ. ಹಾಳೆಯಲ್ಲಿ ದಿನ, ಗಂಟೆ, ಹೆಲೆಕ್ ಎಂದು ಮೂರು ಕಂಬ ಎಳೆದು, ಬಲಗಡೆಯಿಂದ ಬನ್ನಿ.

ಸೃಷ್ಟಿಯ ಮೊದಲ ವರ್ಷದಿಂದ ಲೆಕ್ಕ ಶುರು ಮಾಡುವ ಹುಮ್ಮಸ್ಸಿನವರೂ ಇದ್ದಾರೆ. ಅಲ್ಲಿನ ಮೊಲಾದ್ ಸೋಮವಾರ, 5 ಗಂಟೆ, 204 ಹೆಲೆಕ್. ಆದರೆ ಸುಮ್ನೆ ಎಪ್ಪತ್ತು ಸಾವಿರ ಚಿಲ್ಲರೆ ತಿಂಗಳು ಯಾಕೆ ಕೂಡಿಸಬೇಕು? ಗೊತ್ತಿರುವ ಒಂದನ್ನು ಹಿಡಿಯಿರಿ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ 5786ನೇ ವರ್ಷದ ಮೊದಲ ತಿಂಗಳು ತಿಶ್ರೇಯ ಮೊಲಾದ್: 2ನೇ ದಿನ (ಸೋಮವಾರ), 18 ಗಂಟೆ, 187 ಹೆಲೆಕ್.

ಹಂತ 3: ವರ್ಷಕ್ಕೆ ಎಷ್ಟು ತಿಂಗಳು ನೋಡಿ. ವರ್ಷವನ್ನು 19ರಿಂದ ಭಾಗಿಸಿ. ಶೇಷ 3, 6, 8, 11, 14, 17 ಅಥವಾ 0 ಬಂದರೆ 13 ತಿಂಗಳು, ಇಲ್ಲದಿದ್ದರೆ 12. ನಮ್ಮ ಅಧಿಕ ಮಾಸ ಒಂದೊಂದು ಸಲ ಒಂದೊಂದು ತಿಂಗಳಿಗೆ ಬೀಳುತ್ತದೆ, 2026ರಲ್ಲಿ ಜ್ಯೇಷ್ಠಕ್ಕೆ. ಅವರದು ಯಾವಾಗಲೂ ಅದಾರ್ ತಿಂಗಳಿಗೇ.

5786ಕ್ಕೆ ಶೇಷ 10, ಹಾಗಾಗಿ 12 ತಿಂಗಳು. ಹಂತ 2ರ ಉಳಿಕೆಯನ್ನು 12 ಸಲ ಕೂಡಿಸಿ, ಪೂರ್ತಿ ವಾರಗಳನ್ನು ತೆಗೆದರೆ 4 ದಿನ, 8 ಗಂಟೆ, 876 ಹೆಲೆಕ್. ಇದನ್ನು 5786ರ ಮೊಲಾದ್‌ಗೆ ಸೇರಿಸಿ. 187ಕ್ಕೆ 876 ಸೇರಿ 1063, ಸದ್ಯ ದಶಕವಿಲ್ಲ. 18ಕ್ಕೆ 8 ಸೇರಿ 26, ಒಂದು ದಿನ ಆಚೆ ಹೋಗಿ 2 ಗಂಟೆ. 2, 4, 1 ಸೇರಿ 7, ಶನಿವಾರ. 5787ರ ಮೊಲಾದ್ ಸಿಕ್ಕಿತು. ನಮ್ಮ ಗಡಿಯಾರದ ರೀತಿಯಲ್ಲಿ ಹೇಳಿದರೆ ಅದು ಜೆರುಸಲೇಮಿನ ಸಮಯ ಶುಕ್ರವಾರ ರಾತ್ರಿ 8 ಗಂಟೆ 59 ನಿಮಿಷ. ಶುಕ್ರವಾರ ಅಂತ ಬರೆದರೆ ಮುಂದಿನದೆಲ್ಲ ಕೆಡುತ್ತದೆ. ಮಧ್ಯರಾತ್ರಿಗೆ ತಾರೀಖು ಬದಲಿಸುವ ಫೋನ್ ಆ್ಯಪ್‌ಗಳು ಮಾಡುವುದೂ ಇದೇ ಎಡವಟ್ಟು.

ಹಂತ 4: ಮುಂದೂಡುವ ನಿಯಮ. ನನ್ನ ಪಂದ್ಯ ಸೋತದ್ದು ಇಲ್ಲಿ. ತಿಶ್ರೇಯ ಮೊಲಾದ್ 18 ಗಂಟೆಗೆ, ಅಂದರೆ ಮಧ್ಯಾಹ್ನ 12ಕ್ಕೆ ಅಥವಾ ಆಮೇಲೆ ಬಂದರೆ ವರ್ಷ ಮಾರನೇ ದಿನಕ್ಕೆ ಹೋಗುತ್ತದೆ. 5786ರದು ಸೋಮವಾರ 18 ಗಂಟೆ 187 ಹೆಲೆಕ್. ಮಧ್ಯಾಹ್ನ 12 ದಾಟಿ ಬರೀ ಹತ್ತು ನಿಮಿಷ, ಏಳು ಹೆಲೆಕ್! ಅಷ್ಟಕ್ಕೇ ಹಬ್ಬ ಮಂಗಳವಾರಕ್ಕೆ ಜಾರಿತು. ನಮ್ಮ ಅಮಾವಾಸ್ಯೆ ಆಗ ಮುಗಿದು ಸುಮಾರು 14 ಗಂಟೆ ಆಗಿತ್ತು, ನವರಾತ್ರಿ ಶುರುವಾಗಿತ್ತು.

ಈ ಗೆರೆಯ ಮೇಲೆ ದೊಡ್ಡ ಜಗಳವೇ ನಡೆದಿದೆ. 921ರಲ್ಲಿ ಬೆನ್ ಮೇಯರ್ ಎಂಬ ಪ್ಯಾಲೆಸ್ಟೀನಿನ ಪಂಡಿತ, ಮಧ್ಯಾಹ್ನದ ನಂತರ ಇನ್ನೂ 642 ಹೆಲೆಕ್ ರಿಯಾಯಿತಿ ಇದೆ ಎಂದ. ಬಾಬಿಲೋನಿಯಾ ಕಡೆಯ ಪಂಡಿತ ಸಾದಿಯಾ ಒಪ್ಪಲಿಲ್ಲ. ಮರುವರ್ಷ ಎರಡು ಕಡೆಯವರೂ ಪಸ್ಕ ಹಬ್ಬವನ್ನು ಬೇರೆ ಬೇರೆ ದಿನ ಮಾಡಿದರು. ಕೊನೆಗೆ ಸಾದಿಯಾ ಲೆಕ್ಕವೇ ಉಳಿಯಿತು. ಬೆನ್ ಮೇಯರ್ ಗೆದ್ದಿದ್ದರೆ ನನ್ನ ಊಟದ ದುಡ್ಡು ಉಳಿಯುತ್ತಿತ್ತು.

ಇದಾದ ಮೇಲೆ ವಾರ ನೋಡಿ. ಭಾನುವಾರ, ಬುಧವಾರ, ಶುಕ್ರವಾರ ವರ್ಷ ಶುರುವಾಗುವಂತಿಲ್ಲ. ಬುಧ, ಶುಕ್ರ ಶುರುವಾದರೆ ಹತ್ತನೇ ದಿನದ ಯೋಮ್ ಕಿಪ್ಪುರ್ ಉಪವಾಸ ಶನಿವಾರದ ವಿಶ್ರಾಂತಿ ದಿನ ಸಬ್ಬತ್‌ಗೆ ಅಂಟಿಕೊಳ್ಳುತ್ತದೆ. ಎರಡು ದಿನ ಸತತ ಅಡುಗೆಯಿಲ್ಲ. ಕ್ರಮ ತಿರುಗಿಸಬೇಡಿ: ಮೊದಲು ಮಧ್ಯಾಹ್ನದ ಪರೀಕ್ಷೆ, ಆಮೇಲೆ ವಾರದ್ದು. ಮಂಗಳವಾರ ಮಧ್ಯಾಹ್ನ ದಾಟಿದ ಮೊಲಾದ್ ಬುಧವಾರಕ್ಕೆ ಹೋಗಿ, ಅಲ್ಲಿ ನಿಲ್ಲಲಾಗದೆ ಗುರುವಾರಕ್ಕೆ ಬೀಳುತ್ತದೆ. ಇನ್ನೆರಡು ಅಪರೂಪದ ನಿಯಮಗಳಿವೆ, ಅವು ವರ್ಷ ತೀರಾ ಉದ್ದ ಅಥವಾ ಗಿಡ್ಡ ಆಗದಂತೆ ತಡೆಯುತ್ತವೆ.

5787ಕ್ಕೆ ಇದ್ಯಾವ ತೊಂದರೆಯೂ ಇಲ್ಲ. ಶನಿವಾರ, ಸೆಪ್ಟೆಂಬರ್ 12, 2026.

ಹಂತ 5: ತಿಂಗಳು ಹಂಚಿ. ಎರಡು ಹೊಸ ವರ್ಷಗಳ ನಡುವೆ ಎಷ್ಟು ದಿನ ಎಣಿಸಿ. 5786ಕ್ಕೆ 354 ಬರುತ್ತದೆ. ತಿಂಗಳುಗಳು 30, 29, 30, 29 ಎಂದು ಸಾಗುತ್ತವೆ, ಹಿಗ್ಗುವುದು ಕುಗ್ಗುವುದು ಎರಡನೇ ತಿಂಗಳು ಹೆಶ್ವಾನ್ ಮತ್ತು ಮೂರನೇ ತಿಂಗಳು ಕಿಸ್ಲೇವ್ ಮಾತ್ರ. ಅಧಿಕ ಅದಾರ್ ಇದ್ದರೆ ಅದಕ್ಕೆ 30.

ನೋಡಿ, ಉಳಿದ ತಿಂಗಳುಗಳಿಗೆ ಮೊಲಾದ್ ಬೇಕಾಗಲೇ ಇಲ್ಲ ಅಲ್ವಾ? 5786ರ ಹೆಶ್ವಾನ್ ಮೊಲಾದ್ ಅಕ್ಟೋಬರ್ 22ರ ಬುಧವಾರ, ಮಧ್ಯರಾತ್ರಿ ದಾಟಿ 54 ನಿಮಿಷಕ್ಕೆ. ಆದರೂ ತಿಂಗಳ ಮೊದಲ ತಾರೀಖು 23ರ ಗುರುವಾರ, ಯಾಕೆಂದರೆ ತಿಶ್ರೇಗೆ 30 ದಿನ ಮುಗಿಯಲೇಬೇಕು. ಅವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಪ್ರತಿ ತಿಂಗಳಿಗೆ ಮುಂಚಿನ ಸಬ್ಬತ್ ದಿನ ಬರುವ ಮೊಲಾದ್ ಯಾವಾಗ ಎಂದು ಓದಿ ಹೇಳುವ ವಾಡಿಕೆಯಿದೆ. ತಿಶ್ರೇಯದನ್ನು ಮಾತ್ರ ಹೇಳುವುದಿಲ್ಲ.