ನೆತ್ತಿಯ ಜಿಡ್ಡನ್ನು ನಾನು ಅಳೆದು ನೋಡಿದ ಬಗೆ

ಕಲಬುರಗಿಯ ಶಾಲೆಯೊಂದರಲ್ಲಿ ಪಾಠ ಮಾಡುವ ನನಗೆ, ಭಾನುವಾರ ಎರೆದುಕೊಂಡ ತಲೆ ಸೋಮವಾರ ಸಂಜೆಗೆಲ್ಲ ಜಿಡ್ಡುಗಟ್ಟಿ, ಬೈತಲೆಯ ಎರಡೂ ಬದಿಯ ಕೂದಲು ನೆತ್ತಿಗೆ ಅಂಟಿಕೊಳ್ಳುವುದು ಹಲವು ವರ್ಷಗಳ ತೊಂದರೆಯಾಗಿತ್ತು. "ದಿನಾ ನೀರು ಹಾಕ್ಕೊಂಡ್ರ ಕೂದ್ಲಾ ಉದರ್ತಾವ, ವಾರಕ್ಕೊಮ್ಮಿ ಎಣ್ಣಿ ಹಚ್ಚಿ ಎರಕೋ" ಎನ್ನುತ್ತಿದ್ದಳು ಅವ್ವ. ತೊಳೆದಷ್ಟೂ ನೆತ್ತಿ ಹೆಚ್ಚು ಜಿಡ್ಡು ಬಿಡುತ್ತದೆ ಎನ್ನುತ್ತಿದ್ದರು ಜೊತೆಯ ಶಿಕ್ಷಕಿಯರು. ಎರಡನ್ನೂ ನಂಬಿ ತಲೆಸ್ನಾನವನ್ನು ಮುಂದೂಡುತ್ತ ಹೋದೆ. ತುರಿಕೆ ಶುರುವಾಯಿತು, ಕೆರೆದರೆ ಹಳದಿ ಬಣ್ಣದ ಹೊಟ್ಟು ಉಗುರಿನಲ್ಲಿ ಮೆತ್ತಿಕೊಳ್ಳತೊಡಗಿತು. ನಿಂಬೆರಸ ಹಚ್ಚಿದ ದಿನ, ಕೆರೆದು ಗಾಯವಾಗಿದ್ದ ಚರ್ಮ ರಾತ್ರಿಯಿಡೀ ಉರಿಯಿತು. ಆ ಪ್ರಯೋಗವನ್ನು ದಯವಿಟ್ಟು ಯಾರೂ ಮಾಡಬೇಡಿ.

ಕೊನೆಗೆ ಚರ್ಮರೋಗ ತಜ್ಞೆಯೊಬ್ಬರು ನನಗೆ ವಿಷಯವನ್ನು ಬಿಡಿಸಿ ಹೇಳಿದರು. ಕೂದಲಿನ ಬುಡದಲ್ಲಿರುವ ಗ್ರಂಥಿಗಳು ಎಷ್ಟು ಜಿಡ್ಡು ಸ್ರವಿಸಬೇಕೆಂಬುದನ್ನು ಮುಖ್ಯವಾಗಿ ಆಂಡ್ರೋಜನ್ ಹಾರ್ಮೋನುಗಳು ನಿರ್ಧರಿಸುತ್ತವೆ. ಹರೆಯದಲ್ಲಿ ತಲೆ ಒಮ್ಮೆಲೆ ಜಿಡ್ಡಾಗುವುದೂ ಅದಕ್ಕಾಗಿಯೇ. ತೊಳೆದಾಗ ಹೋಗುವುದು ಹೊರಗೆ ಬಂದಿರುವ ಜಿಡ್ಡು ಮಾತ್ರ.

ಮಾತು ಸರಿಯೆನಿಸಿದರೂ ಕಣ್ಣಾರೆ ನೋಡಬೇಕೆನಿಸಿತು. ನಾಲ್ಕು ವಾರ, ತಲೆ ತೊಳೆದ 12 ಮತ್ತು 24 ಗಂಟೆಗಳ ನಂತರ, ಟಿಶ್ಯೂ ಕಾಗದದ ತುಂಡನ್ನು ಬೈತಲೆಯ ಮೇಲೆ ಹತ್ತು ಎಣಿಸುವವರೆಗೆ ಒತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. 12 ಗಂಟೆಗೆ ತೊಗರಿಕಾಳಿನಷ್ಟಿದ್ದ ಪಾರದರ್ಶಕ ಕಲೆ 24 ಗಂಟೆಗೆ ರೂಪಾಯಿ ನಾಣ್ಯದಷ್ಟಾಗುತ್ತಿತ್ತು. ವಾರಕ್ಕೊಮ್ಮೆ ತೊಳೆದಾಗಲೂ, ದಿನ ಬಿಟ್ಟು ದಿನ ತೊಳೆದಾಗಲೂ ಆ ಕಲೆಯ ಗಾತ್ರದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಅಂದಿನಿಂದ ತೊಳೆಯಲು ನಾನು ಹೆದರಿಲ್ಲ.

ಹೊಟ್ಟಿನ ಕಾರಣ ಬೇರೆಯೇ ಇತ್ತು. ಎಲ್ಲರ ನೆತ್ತಿಯಲ್ಲೂ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ ತನಗೆ ಬೇಕಾದ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳಲಾರದೆ ನಮ್ಮ ಜಿಡ್ಡನ್ನು ಒಡೆದು ಬದುಕುತ್ತದೆ. ಆಗ ಉಳಿಯುವ ಓಲಿಯಿಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸಿ ಹೊಟ್ಟು ಏಳಿಸುತ್ತದೆ. ವೈದ್ಯೆ ಬರೆದುಕೊಟ್ಟ, ಶಿಲೀಂಧ್ರವನ್ನು ತಡೆಯುವ ಶೇ. 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಬಾರಿ, ನಾಲ್ಕು ವಾರ ಬಳಸಿದೆ. ಹಚ್ಚಿದ ಕೂಡಲೇ ತೊಳೆಯದೆ, ಐದು ನಿಮಿಷ ನೆತ್ತಿಯ ಮೇಲೆ ಬಿಡುವುದೇ ಇದರಲ್ಲಿ ಮುಖ್ಯ.

ನಮ್ಮ ಬೋರ್‌ವೆಲ್ ನೀರಿನ ಪಾತ್ರ ಕೊನೆಗೆ ತಿಳಿಯಿತು. ಮೈಗೆ ಹಚ್ಚುವ ಸಾಬೂನನ್ನೇ ತಲೆಗೂ ಉಜ್ಜುತ್ತಿದ್ದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನೊಡನೆ ಸೇರಿ ಕರಗದ ಬಿಳಿ ಜಿಗುಟಾಗುತ್ತವೆ. ಬಾಚಣಿಗೆಯ ಹಲ್ಲುಗಳ ನಡುವೆ ಮೇಣದಂತೆ ಕೂರುತ್ತಿದ್ದುದರಲ್ಲಿ ಬಹುಪಾಲು ಅದೇ ಆಗಿತ್ತು, ನಾನು ಅದನ್ನೆಲ್ಲ ನೆತ್ತಿಯ ಜಿಡ್ಡೆಂದುಕೊಂಡಿದ್ದೆ. ಸಾಬೂನು ಬಿಟ್ಟು ಸೌಮ್ಯ ಶಾಂಪೂ ಹಿಡಿದು, ಕೊನೆಯ ಎರಡು ತಂಬಿಗೆಗೆ ನಳದ ನೀರನ್ನು ಎತ್ತಿಟ್ಟುಕೊಳ್ಳತೊಡಗಿದ ಮೇಲೆ ಬಾಚಣಿಗೆ ಸ್ವಚ್ಛವಾಯಿತು.

ಬಿಸಿಲು 42 ಡಿಗ್ರಿ ಮುಟ್ಟುವ ಮೇ ತಿಂಗಳಲ್ಲಿ ದಿನ ಬಿಟ್ಟು ದಿನ, ಚಳಿಗಾಲದಲ್ಲಿ ವಾರಕ್ಕೆರಡು ಬಾರಿ, ಉಗುರು ತಾಗಿಸದೆ ಬೆರಳ ತುದಿಯಿಂದ ನೆತ್ತಿಯನ್ನಷ್ಟೇ ತೊಳೆಯುತ್ತೇನೆ. ನೊರೆ ಇಳಿದು ಹೋಗುವಾಗ ಉದ್ದದ ಕೂದಲೂ ಸ್ವಚ್ಛವಾಗುತ್ತದೆ. ಭಾನುವಾರ ಅವ್ವ ಈಗಲೂ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಕೂರುತ್ತಾಳೆ. ನಾನು ಕೂದಲನ್ನು ಬಿಚ್ಚಿ, ಕಿವಿಯಿಂದ ಕೆಳಗಿನ ಭಾಗವನ್ನಷ್ಟೇ ಅವಳ ಕೈಗೆ ಕೊಡುತ್ತೇನೆ.