ಹಾಲು ಕಕ್ಕುವ ಮಗು, ಮಳೆಗಾಲದ ಬಾಣಂತನ: ನನ್ನ ಅನುಭವ

ಮಗಳಿಗೆ ಮೂರು ವಾರ ತುಂಬುವ ಹೊತ್ತಿಗೆ ಕಕ್ಕುವುದು ಶುರುವಾಯಿತು. ಮೊದಮೊದಲು ತುಟಿಯಂಚಿನಲ್ಲಿ ಒಂದಿಷ್ಟು. ಆಮೇಲೆ ಕುಡಿದಾಗಲೆಲ್ಲ. ಅದಕ್ಕಿಂತ ಜಾಸ್ತಿ ಕಂಗೆಡಿಸಿದ್ದು ಅವಳು ಕುಡಿಯುವ ರೀತಿ. ಎದೆಗೆ ಹಾಕಿದ ಕೂಡಲೇ ಆಸೆಯಿಂದ ನಾಲ್ಕು ಗುಟುಕು ಕುಡಿಯುತ್ತಿದ್ದಳು, ಆಮೇಲೆ ಕೆಮ್ಮಿ, ಬೆನ್ನು ಹಿಂದಕ್ಕೆ ಬಗ್ಗಿಸಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಿದ್ದಳು. ಹಸಿವಿದೆ, ಹಾಲೂ ಇದೆ, ಆದರೂ ಕುಡಿಯಲು ಆಗುತ್ತಿಲ್ಲ. ತವರುಮನೆ ಶಿರಸಿಯಿಂದ ಸ್ವಲ್ಪ ಒಳಗೆ, ತೋಟದ ನಡುವೆ. ಹೊರಗೆ ಆಷಾಢದ ಮಳೆ. ಯಾರನ್ನಾದರೂ ಕೇಳೋಣ ಅಂದರೆ ಫೋನಿಗೆ ಸಿಗ್ನಲ್ ಸಿಗುವುದೂ ಅಪರೂಪ.

ಪೇಟೆಯ ಮಕ್ಕಳ ಡಾಕ್ಟರ್ ಮಗುವನ್ನು ನೋಡಿ, ತೂಕ ಮಾಡಿ, ‘ರಿಫ್ಲಕ್ಸ್ ಇರಬಹುದು’ ಅಂದರು. ಅವರು ವಿವರಿಸಿದ್ದು ಹೀಗೆ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಒಂದು ಸ್ನಾಯುವಿನ ಬಳೆ ಇದೆ. ನುಂಗಿದ್ದು ಮೇಲೆ ಬರದಂತೆ ಅದು ಬಿಗಿಯುತ್ತದೆ. ಹಸುಗೂಸಿನಲ್ಲಿ ಆ ಬಳೆ ಇನ್ನೂ ಬಲಿತಿರುವುದಿಲ್ಲ, ಆಗಾಗ ಸಡಿಲವಾಗುತ್ತದೆ. ಊಟ ಪೂರ್ತಿ ನೀರಿನಂತಹ ಹಾಲು, ದಿನವಿಡೀ ಮಲಗಿಯೇ ಇರುವ ಮಗು. ಹಾಲು ಮೇಲೆ ಬಾರದೆ ಇನ್ನೇನು? ಸಾಮಾನ್ಯವಾಗಿ ಎರಡು ತಿಂಗಳ ಒಳಗೇ ಶುರುವಾಗುತ್ತದೆ, ನಾಲ್ಕು ತಿಂಗಳ ಆಸುಪಾಸಿಗೆ ಜೋರಾಗುತ್ತದೆ, ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ನಿಲ್ಲುತ್ತದೆ.

ನನಗೆ ಸಮಾಧಾನ ಕೊಟ್ಟಿದ್ದು ಈ ವಿವರಣೆಗಿಂತ ತೂಕದ ಗೆರೆ. ಮೊದಲ ಮೂರು ತಿಂಗಳಲ್ಲಿ ಮಗು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರಬೇಕು. ದಿನಕ್ಕೆ ಕಡಿಮೆಯೆಂದರೂ ಆರು ಸಲ ಚೆನ್ನಾಗಿ ಉಚ್ಚೆ ಹೊಯ್ಯಬೇಕು. ಇವೆರಡೂ ಸರಿ ಇದ್ದು, ಮಗು ಚುರುಕಾಗಿದ್ದರೆ ಎಷ್ಟು ಕಕ್ಕಿದರೂ ಬೇಕಾದಷ್ಟು ಹಾಲು ಒಳಗೆ ಉಳಿಯುತ್ತಿದೆ ಎಂದರ್ಥ. ತಾಯಿ ಕಾರ್ಡಿನಲ್ಲಿ ತೂಕದ ನಕ್ಷೆ ಇರುತ್ತದೆ, ಬಹಳ ಮನೆಗಳಲ್ಲಿ ಅದು ಖಾಲಿ ಬಿದ್ದಿರುತ್ತದೆ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಮನೆಗೆ ಬಂದು ಮಗುವನ್ನು ನೋಡಬೇಕು ಎಂಬ ನಿಯಮವಿದೆ. ನಮ್ಮೂರಿನವರು ಆ ಮಳೆಯಲ್ಲೂ ಕೊಡೆ ಹಿಡಿದು, ತೂಗುವ ಜೋಳಿಗೆ ಚೀಲ ತಂದು ತೂಗಿದರು. ಆಮೇಲೆ ಚುಚ್ಚುಮದ್ದಿಗೆ ಹೋದಾಗಲೆಲ್ಲ ತೂಗಿಸಿ ನಕ್ಷೆಯಲ್ಲಿ ಚುಕ್ಕೆ ಹಾಕಿಸಿಕೊಂಡೆ. ಗೆರೆ ಮೇಲೇರುತ್ತಿತ್ತು. ಅದನ್ನು ನೋಡಿದ ಮೇಲೆ ಒದ್ದೆ ಬಟ್ಟೆ ಕಂಡರೆ ಮೊದಲಿನಷ್ಟು ಎದೆ ಧಸಕ್ ಅನ್ನುತ್ತಿರಲಿಲ್ಲ.

ಇನ್ನೊಂದು ಕೆಲಸ ಮಾಡಿದೆ, ಎಲ್ಲ ಅಮ್ಮಂದಿರೂ ಒಮ್ಮೆ ಮಾಡಿ ನೋಡಬೇಕು. ಒಂದು ಟೀ ಚಮಚ ಹಾಲನ್ನು ಹಳೆಯ ಪಂಚೆಯ ತುಂಡಿನ ಮೇಲೆ ಸುರಿಯಿರಿ. ಅಂದರೆ ಬರೀ ಐದು ಮಿಲಿ. ಅದು ಅಂಗೈಯಗಲ ಹರಡುತ್ತದೆ. ಮತ್ತೆರಡು ಚಮಚ ಹಾಕಿದರೆ ಬಟ್ಟೆಯ ಮೂಲೆಯೇ ತೊಯ್ಯುತ್ತದೆ. ‘ಕುಡಿದದ್ದೆಲ್ಲ ಕಕ್ಕಿತು’ ಅಂತ ಅಮ್ಮ ದಿನವೂ ಸಂಕಟ ಪಡುತ್ತಿದ್ದಳು. ಅವಳ ಎದುರೇ ಇದನ್ನು ಮಾಡಿ ತೋರಿಸಿದೆ. ಮಗಳು ಕಕ್ಕಿದ ಬಟ್ಟೆಯನ್ನೂ ಪಕ್ಕದಲ್ಲಿಟ್ಟೆ. ಹೆಚ್ಚಿನ ಸಲ ಎರಡು ಮೂರು ಚಮಚ, ಅಷ್ಟೇ. ಅಮ್ಮ ಎರಡೂ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಆ ಮಾತು ಆಡಲಿಲ್ಲ.

ಇನ್ನು ಎದೆಯ ಹತ್ತಿರದ ಕಿರುಚಾಟ. ನಮ್ಮ ಮನೆಯಲ್ಲಿ ನಿಜವಾಗಿ ಬದಲಾವಣೆ ತಂದದ್ದು ಮದ್ದಲ್ಲ, ಕುಡಿಸುವ ರೀತಿ. ನನಗೆ ಹಾಲು ಇಳಿಯುವ ರಭಸ ಜಾಸ್ತಿ ಇತ್ತು. ಮಗು ಚೀಪಲು ಶುರು ಮಾಡಿ ಸ್ವಲ್ಪ ಹೊತ್ತಿಗೆ ಒಮ್ಮೆಲೇ ಚಿಮ್ಮುತ್ತಿತ್ತು. ಅವಳು ನುಂಗಲಾರದೆ ಗಬಗಬ ಗಾಳಿ ಸೇರಿಸಿ ನುಂಗುತ್ತಿದ್ದಳು, ಕೆಮ್ಮುತ್ತಿದ್ದಳು, ಬಾಯಿ ಬಿಡುತ್ತಿದ್ದಳು. ಇದನ್ನು ಗುರುತಿಸಿದ್ದು ಆಸ್ಪತ್ರೆಯ ಹಿರಿಯ ನರ್ಸಮ್ಮ. ಮಾತಾಡದೆ ಸುಮ್ನೆ ಪಕ್ಕದಲ್ಲಿ ಕೂತು ಮಗು ಕುಡಿಯುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಯಾರೂ ಅಲ್ಲಿಯವರೆಗೆ ಹಾಗೆ ನೋಡಿರಲಿಲ್ಲ.

ಅವರು ಹೇಳಿಕೊಟ್ಟದ್ದು ಇಷ್ಟು. ಮುಂದಕ್ಕೆ ಬಗ್ಗಿ ಕುಡಿಸಬಾರದು. ಗೋಡೆಗೆ ದಿಂಬು ಇಟ್ಟು ನಾನು ಹಿಂದಕ್ಕೆ ಒರಗಬೇಕು, ಮಗು ನನ್ನ ಎದೆಯ ಮೇಲೆ ಹೊಟ್ಟೆ ಅಡಿಯಾಗಿ ಬರಬೇಕು. ಆಗ ಹಾಲು ಕೆಳಗಿಂದ ಮೇಲಕ್ಕೆ ಹೋಗಬೇಕು, ರಭಸ ತಾನಾಗಿಯೇ ತಗ್ಗುತ್ತದೆ. ಮೊದಲ ಚಿಮ್ಮು ಬಂದಾಗ ಮಗುವನ್ನು ಬಿಡಿಸಿ ಆ ಹಾಲನ್ನು ಬಟ್ಟೆಗೆ ಬಿಡಬೇಕು, ನಿಧಾನವಾದ ಮೇಲೆ ಮತ್ತೆ ಹಾಕಬೇಕು. ಬಾಯಿ ದೊಡ್ಡದಾಗಿ ತೆರೆದಾಗಲೇ ಹಾಕಬೇಕು. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು, ಗಲ್ಲ ಎದೆಗೆ ಒತ್ತಿರಬೇಕು. ಚೀಪುವಾಗ ‘ಚಿಕ್ ಚಿಕ್’ ಸದ್ದು ಬಂದರೆ ಗಾಳಿ ಹೋಗುತ್ತಿದೆ ಎಂದರ್ಥ. ಕಿರುಬೆರಳನ್ನು ಬಾಯಿಯ ಬದಿಗೆ ತೂರಿಸಿ ಬಿಡಿಸಿ, ಮತ್ತೊಮ್ಮೆ ಹಾಕಬೇಕು.

ಹಸಿದು ಅಳುವವರೆಗೂ ಕಾಯದಿರುವುದು ಇನ್ನೂ ಮುಖ್ಯ. ಕೈ ಬಾಯಿಗೆ ಹೋದಾಗ, ತಲೆ ಅತ್ತಿತ್ತ ತಿರುಗಿಸಿ ಹುಡುಕುವಾಗಲೇ ಎತ್ತಿಕೊಳ್ಳುತ್ತಿದ್ದೆ. ತೀರಾ ಅಳುವ ಮಗುವಿನ ಹೊಟ್ಟೆಗೆ ಹಾಲಿಗಿಂತ ಮೊದಲೇ ಗಾಳಿ ಹೋಗಿರುತ್ತದೆ. ಸ್ವಲ್ಪ ಸ್ವಲ್ಪ, ಆದರೆ ಆಗಾಗ ಕುಡಿಸಿದೆ. ರಾತ್ರಿ ಅರೆನಿದ್ದೆಯಲ್ಲಿ ಅವಳು ಎಲ್ಲಕ್ಕಿಂತ ಚೆನ್ನಾಗಿ ಕುಡಿಯುತ್ತಿದ್ದಳು. ಕತ್ತಲು, ಸದ್ದಿಲ್ಲ, ಸುತ್ತ ಜನ ಇಲ್ಲ. ಹಾಗಾಗಿ ಹಗಲಿಗೂ ಮಗು ನೋಡಲು ಬಂದವರನ್ನು ಜಗುಲಿಯಲ್ಲೇ ಕೂರಿಸುವ ಕೆಲಸ ಅಪ್ಪ ವಹಿಸಿಕೊಂಡರು.

ತೀರಾ ಕುಡಿಯದ ದಿನಗಳಲ್ಲಿ ಹಾಲು ಹಿಂಡಿ ಒಳಲೆಯಲ್ಲಿ ಕೊಟ್ಟೆ. ಒಳಲೆಯಲ್ಲಿ ಬಾಯೊಳಗೆ ಸುರಿಯಬಾರದು. ಮಗುವನ್ನು ನೆಟ್ಟಗೆ ಹಿಡಿದು, ಒಳಲೆಯ ಮೂತಿಯನ್ನು ಕೆಳತುಟಿಗೆ ತಾಗಿಸಿ, ಅದು ನಾಲಿಗೆ ಚಾಚಿ ಎಳೆದುಕೊಳ್ಳಲು ಬಿಡಬೇಕು. ಇದಕ್ಕೆ ತಾಳ್ಮೆ ಬೇಕು, ಒಂದು ಒಳಲೆ ಮುಗಿಯುವಷ್ಟರಲ್ಲಿ ಭುಜ ಸೋತು ಬರುತ್ತದೆ.

ಕುಡಿದಾದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ. ತೇಗು ಬರಿಸಲು ಬೆನ್ನು ಬಡಿಯುವುದು ಬೇಡ, ಕೆಳಗಿಂದ ಮೇಲಕ್ಕೆ ಮೆತ್ತಗೆ ಸವರಿದರೆ ಸಾಕು. ಒಂದೊಂದು ಸಲ ತೇಗು ಬರುವುದೇ ಇಲ್ಲ, ಬಿಡಿ. ಕುಡಿದ ಕೂಡಲೇ ಬಟ್ಟೆ ಬದಲಿಸಲು ಕಾಲು ಮೇಲೆತ್ತಿದರೆ ಹೊಟ್ಟೆ ಒತ್ತಿ ಎಲ್ಲ ಹೊರಗೆ ಬರುತ್ತದೆ, ಆದ್ದರಿಂದ ಬದಲಿಸುವುದನ್ನು ಮೊದಲೇ ಮುಗಿಸುತ್ತಿದ್ದೆ. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದನ್ನು ಬಿಟ್ಟೆವು. ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿ ಮೀಯಿಸುವ ಅಜ್ಜಿಗೆ, ಕುಡಿದು ಒಂದು ಗಂಟೆಯಾದರೂ ಆಗಿರಲಿ ಅಂತ ಹೇಳಿದೆವು. ಮಿಂದ ಮೇಲೆ ಹಾಕುವ ಧೂಪದ ಹೊಗೆ ಪೂರ್ತಿ ನಿಂತಿತು.

ಮಲಗಿಸುವ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ‘ಅಂಗಾತ ಮಲಗಿಸಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಬೋರಲು ಹಾಕು’ ಅಂತ ದೊಡ್ಡಮ್ಮ. ಹೆದರಿಕೆ ಸಹಜ. ಆದರೆ ಒಳಗಿನ ರಚನೆ ಬೇರೆಯೇ ಹೇಳುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗೆ. ಮೇಲೆ ಬಂದ ಹಾಲು ಕೆಳಗಿರುವ ಅನ್ನನಾಳಕ್ಕೇ ಮರಳುತ್ತದೆ. ಬೋರಲು ಮಲಗಿಸಿದರೆ ಇದು ತಿರುವುಮುರುವು. ಬೋರಲು ಮಲಗಿಸಿದ ಮಕ್ಕಳಲ್ಲಿ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಅಪಾಯವೂ ಹೆಚ್ಚು. ಹಾಗಾಗಿ ಗಟ್ಟಿ, ಸಮತಟ್ಟಾದ ಹಾಸಿಗೆ, ಅಂಗಾತ, ದಿಂಬಿಲ್ಲ. ತಲೆ ಎತ್ತರವಾಗಲಿ ಅಂತ ಹಾಸಿಗೆಯ ಕೆಳಗೆ ಏನೂ ಇಡಲಿಲ್ಲ, ಮಗು ಜಾರಿ ಕತ್ತು ಮಡಚಿಕೊಳ್ಳುವ ಭಯ ಅದರಲ್ಲೇ ಇದೆ. ಸೀರೆ ತೊಟ್ಟಿಲಿನಲ್ಲೂ ಹಾಗೇ, ಗಲ್ಲ ಎದೆಗೆ ಒತ್ತುತ್ತದೆ, ಹೊಟ್ಟೆ ಮಡಚುತ್ತದೆ. ಅದನ್ನು ಬಿಚ್ಚಿಟ್ಟೆವು. ಎಚ್ಚರವಿದ್ದಾಗ, ನಾವು ಎದುರಿಗೇ ಕೂತು, ಸ್ವಲ್ಪ ಹೊತ್ತು ಬೋರಲು ಆಡಿಸಿದೆವು.

ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯುವ ಕಲ್ಲು ನಮ್ಮ ಮನೆಯಲ್ಲೂ ಇದೆ. ಆ ಕಲ್ಲಿನ ಹಿಂದೆ ಅಜ್ಜಿಯ ಪ್ರೀತಿ ಇದೆ, ಅದನ್ನು ನೋಯಿಸುವುದು ಕಷ್ಟ. ನಾನು ವಾದ ಮಾಡಲಿಲ್ಲ, ಅಜ್ಜಿಯನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಗ್ರೈಪ್ ವಾಟರ್ ಬೇಡ, ಹಾಲು ಗಟ್ಟಿಯಾಗಲಿ ಅಂತ ಅಕ್ಕಿ ಗಂಜಿಯೂ ರಾಗಿ ಸರಿಯೂ ಬೇಡ ಅಂತ ಅವರು ಅಜ್ಜಿಗೇ ಹೇಳಿದರು. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಾಲಿಗೆಗೂ ತಾಗಿಸಬಾರದು, ಅದರಲ್ಲಿರಬಹುದಾದ ಬೀಜಾಣುಗಳಿಂದ ಬೊಟುಲಿಸಂ ಎಂಬ ನರಗಳನ್ನು ದುರ್ಬಲಗೊಳಿಸುವ ಕಾಯಿಲೆ ಬರಬಹುದು. ಅಜ್ಜಿ ದೃಷ್ಟಿ ತೆಗೆಯುವುದನ್ನು ಮಾತ್ರ ಬಿಡಲಿಲ್ಲ. ಅದರಿಂದ ಮಗುವಿನ ಹೊಟ್ಟೆಗೇನೂ ಹೋಗುವುದಿಲ್ಲವಲ್ಲ, ತೆಗೆಯಲಿ.

ಇದಕ್ಕೂ ಮುಂಚೆ ಒಂದು ಕ್ಲಿನಿಕ್ಕಿನಲ್ಲಿ ಮಗುವನ್ನು ತೂಗದೆಯೇ ಡೊಂಪೆರಿಡೋನ್ ಹನಿ ಬರೆದುಕೊಟ್ಟಿದ್ದರು. ಮಕ್ಕಳ ಡಾಕ್ಟರ್ ಅದನ್ನು ನಿಲ್ಲಿಸಿದರು. ಕಕ್ಕುವುದು ಅದರಿಂದ ನಿಲ್ಲುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಹೃದಯದ ಬಡಿತದ ಲಯಕ್ಕೆ ತೊಂದರೆ ಕೊಡಬಹುದು ಅಂದರು. ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಂಥ ಮದ್ದು ಕೂಡ ಹಾಲು ಮೇಲೆ ಬರುವುದನ್ನು ತಡೆಯುವುದಿಲ್ಲ. ಅನ್ನನಾಳ ಹುಣ್ಣಾಗಿದ್ದರೆ, ತೂಕ ನಿಂತುಹೋಗಿದ್ದರೆ, ಆಗ ಡಾಕ್ಟರ್ ಯೋಚಿಸಿ ಕೊಡುವಂಥದ್ದು ಅದು. ನಮಗೆ ಬೇಕಾಗಲಿಲ್ಲ.

ಆದರೂ ಅಳು ಪೂರ್ತಿ ಕಡಿಮೆಯಾಗಿರಲಿಲ್ಲ, ಕೆನ್ನೆಯ ಮೇಲೆ ಒರಟು ಕೆಂಪು ಕಲೆಯೂ ಇತ್ತು. ಹಸುವಿನ ಹಾಲಿನ ಪ್ರೋಟೀನು ನನ್ನ ಹಾಲಿನ ಮೂಲಕ ಹೋಗಿ ಅಲರ್ಜಿಯಾಗುತ್ತಿದೆಯೇ ನೋಡೋಣ, ಎರಡರಿಂದ ನಾಲ್ಕು ವಾರ ಹಾಲಿನ ಪದಾರ್ಥ ಬಿಡಿ ಅಂದರು ಡಾಕ್ಟರ್. ಹವ್ಯಕರ ಮನೆಯಲ್ಲಿ ಬಾಣಂತಿಗೆ ಹಾಲು, ಮಜ್ಜಿಗೆ, ತುಪ್ಪ ಮೂರೂ ಇಲ್ಲ ಅಂದರೆ ಅಮ್ಮ ಏನು ಬಡಿಸಬೇಕು? ತಂಬುಳಿಗೆ ಮಜ್ಜಿಗೆಯೇ ಜೀವ. ಅಮ್ಮ ಎರಡು ದಿನ ಯೋಚಿಸಿ ದಾರಿ ಹುಡುಕಿದಳು. ಒಂದೆಲಗವನ್ನು ಕಾಯಿಯ ಜೊತೆ ರುಬ್ಬಿ, ಮಜ್ಜಿಗೆಯ ಬದಲು ಕಾಯಿಹಾಲು ಸೇರಿಸಿ, ಹುಳಿಗೆ ಒಂದೆರಡು ಮುರುಗಲು (ಕೋಕಂ) ಸಿಪ್ಪೆ ಹಾಕಿದಳು. ಮುರುಗಲು ಕುಮಟೆಯಿಂದ ಅತ್ತೆ ಒಣಗಿಸಿ ಕಳಿಸಿದ್ದು. ತುಪ್ಪದ ಜಾಗಕ್ಕೆ ತೆಂಗಿನೆಣ್ಣೆ. ಎಳ್ಳು, ರಾಗಿ ಜಾಸ್ತಿಯಾಯಿತು, ಡಾಕ್ಟರ್ ಕ್ಯಾಲ್ಸಿಯಂ ಮಾತ್ರೆ ಬರೆದರು. ಆ ತಂಬುಳಿಯ ರುಚಿಗೆ ನಾನು ಈಗಲೂ ಅದನ್ನು ಮಾಡಿಸಿಕೊಳ್ಳುತ್ತೇನೆ. ಆದರೆ ಮಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮತ್ತೆ ಹಾಲು ಮಜ್ಜಿಗೆ ಶುರು ಮಾಡಿದಾಗಲೂ ಹೆಚ್ಚಾಗಲಿಲ್ಲ. ಅಲರ್ಜಿ ಅಲ್ಲ ಅಂತ ಗೊತ್ತಾಯಿತು. ಫಲ ಕಾಣದಿದ್ದರೆ ಪಥ್ಯ ಮುಂದುವರಿಸಬೇಡಿ. ಬಾಣಂತಿಯ ತಟ್ಟೆಯಿಂದ ಒಂದೊಂದೇ ಪದಾರ್ಥ ತೆಗೆಯುತ್ತಾ ಹೋದರೆ ಸೊರಗುವವಳು ತಾಯಿ.

ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಕಷ್ಟ ಮಲೆನಾಡಿನವರಿಗೆ ಹೇಳಬೇಕಿಲ್ಲ. ಹಳೆಯ ಪಂಚೆಗಳನ್ನು ಚೌಕಾಕಾರ ಹರಿದು ರಾಶಿ ಮಾಡಿಟ್ಟುಕೊಂಡಿದ್ದೆವು. ಬಚ್ಚಲ ಒಲೆಯ ಪಕ್ಕ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆಯ ವಾಸನೆ ಹಿಡಿಯುತ್ತಿತ್ತು, ಕೊನೆಗೆ ಒಂದು ಫ್ಯಾನ್ ಅದಕ್ಕೇ ಮೀಸಲಾಯಿತು.

ನನ್ನ ಮನಸ್ಸಿನ ಬಗ್ಗೆಯೂ ಹೇಳಬೇಕು. ಮಗು ಎದೆಯಿಂದ ಮುಖ ತಿರುಗಿಸಿದಾಗಲೆಲ್ಲ ನನ್ನನ್ನೇ ಬೇಡ ಅಂದ ಹಾಗೆ ಅನ್ನಿಸಿ ಅಳು ಬರುತ್ತಿತ್ತು. ಗಂಡ ಶನಿವಾರ ಭಾನುವಾರ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಬರುತ್ತಿದ್ದರು. ಬಂದ ಎರಡೂ ರಾತ್ರಿ, ಕುಡಿಸಿದ ಮೇಲೆ ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು ಅವರ ಪಾಲು, ನನಗೆ ನಿದ್ದೆ. ಆ ನಿದ್ದೆಯಷ್ಟು ಉಪಕಾರ ಯಾವ ಔಷಧವೂ ಮಾಡಲಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಅಳು, ಬೇಸರ, ಮಗುವಿನ ಮೇಲೆ ಮನಸ್ಸೇ ಇಲ್ಲದಿರುವುದು ಇದ್ದರೆ ಅದನ್ನೂ ಡಾಕ್ಟರ್ ಹತ್ತಿರ ಹೇಳಿ. ಅದೂ ಬಾಣಂತನದ ಕಾಯಿಲೆಯೇ, ಗುಣವಾಗುತ್ತದೆ.

ನಾಲ್ಕು ತಿಂಗಳು ದಾಟಿದ ಮೇಲೆ ಕಿರುಚಾಟ ಇಳಿಯಿತು. ಕಕ್ಕುವುದು ಇನ್ನೂ ಇತ್ತು, ಆದರೆ ನಗುತ್ತಲೇ ಕಕ್ಕುತ್ತಿದ್ದಳು. ಕುಮಟೆಗೆ ಇಳಿಯುವಾಗ ಘಟ್ಟದ ತಿರುವು ಶುರುವಾಗುವ ಮೊದಲೇ, ಗಂಟೆ ಮುಂಚೆ ಕುಡಿಸಿಕೊಂಡು ಹೊರಟೆವು. ಆರು ತಿಂಗಳಿಗೆ ಮೆತ್ತನೆಯ ಅನ್ನ, ಬೇಳೆ ಶುರುವಾಯಿತು, ಕೂರಲು ಕಲಿತಳು, ಒದ್ದೆ ಬಟ್ಟೆಗಳು ಕಡಿಮೆಯಾದವು.

ಇನ್ನು ಹೆದರಲೇಬೇಕಾದ ಲಕ್ಷಣಗಳು. ಇವನ್ನು ಡಾಕ್ಟರ್ ಹೇಳಿದ್ದನ್ನು ಕೇಳಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ. ಹಸಿರು ಬಣ್ಣದ ವಾಂತಿ. ರಕ್ತ ಅಥವಾ ಕಾಫಿ ಗಸಿಯಂಥ ವಾಂತಿ. ಪ್ರತಿ ಸಲವೂ ದೂರಕ್ಕೆ ಚಿಮ್ಮುವ ವಾಂತಿ. ಎರಡರಿಂದ ಎಂಟು ವಾರದ ಮಗುವಿನಲ್ಲಿ ಹೊಟ್ಟೆಯ ಹೊರದಾರಿ ದಪ್ಪವಾಗಿ ಮುಚ್ಚಿಕೊಂಡಿದ್ದರೆ ಹೀಗಾಗುತ್ತದೆ, ಆಪರೇಷನ್ ಬೇಕು. ಮಲದಲ್ಲಿ ರಕ್ತ, ಉಬ್ಬಿ ಗಟ್ಟಿಯಾದ ಹೊಟ್ಟೆ, ಉಬ್ಬಿದ ನೆತ್ತಿ, ಮೂರು ತಿಂಗಳೊಳಗಿನ ಮಗುವಿಗೆ ಜ್ವರ, ಉಸಿರು ಕಟ್ಟುವುದು, ಮೈ ನೀಲಿಯಾಗುವುದು, ಎಬ್ಬಿಸಿದರೂ ಏಳದ ಮಂಕು, ಉಚ್ಚೆ ತೀರಾ ಕಡಿಮೆ. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯುವಂತಿಲ್ಲ. ತೂಕ ಏರದಿದ್ದರೆ, ಅಥವಾ ಆರು ತಿಂಗಳ ನಂತರ ಹೊಸದಾಗಿ ಕಕ್ಕಲು ಶುರುವಾದರೆ ಅದೇ ವಾರ ತೋರಿಸಬೇಕು.

ನಮ್ಮ ಜಿಲ್ಲೆಯಲ್ಲಿ ಮಕ್ಕಳ ಆಪರೇಷನ್ನಿಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗುವವರೇ ಜಾಸ್ತಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದು ಬಂದ್ ಆಗುವುದೂ ಉಂಟು. ಆದ್ದರಿಂದ ಮನೆಯಲ್ಲಿ ಮೊದಲೇ ಮಾತಾಡಿಟ್ಟುಕೊಳ್ಳಿ: ರಾತ್ರಿ ಯಾರ ವಾಹನ, ಯಾವ ದಾರಿ, 108ಕ್ಕೆ ಕರೆ ಮಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆ. ತಾಯಿ ಕಾರ್ಡು, ಎರಡು ಜೊತೆ ಬಟ್ಟೆ, ಯಾವಾಗ ಕುಡಿಯಿತು, ಯಾವ ಬಣ್ಣದ್ದು ಕಕ್ಕಿತು ಅಂತ ಬರೆದ ಪುಸ್ತಕ, ಇಷ್ಟನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ಇಡಿ. ಫೋನಿನಲ್ಲಿ ತೆಗೆದ, ಮಗು ಕುಡಿಯುವಾಗಿನ ಒಂದು ಸಣ್ಣ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಡಾಕ್ಟರ ಎದುರು ಮಕ್ಕಳು ಹೆಚ್ಚಾಗಿ ಸುಮ್ಮನೆ ಮಲಗಿಬಿಡುತ್ತವೆ.