ಮಗಳ ಜರ್ಮನಿ ಪ್ರಯಾಣಕ್ಕೆ ನಾನು ಸಹಿ ಹಾಕಿದ ಕಥೆ

ಫೆಬ್ರವರಿಯ ಒಂದು ರಾತ್ರಿ ಮಗಳ ಅಮ್ಮನಿಂದ ಮೆಸೇಜ್ ಬಂತು. "ಬೇಸಿಗೆ ರಜೆಗೆ ಪುಟ್ಟಿನ ನಮ್ಮಣ್ಣನ ಮನೆಗೆ ಕರ್ಕೊಂಡು ಹೋಗೋಣ ಅಂತಿದ್ದೀನಿ, ಜರ್ಮನಿಗೆ. ನಿಮ್ಮ ಸಹಿ ಬೇಕಾಗುತ್ತೆ."

ನಾವಿಬ್ಬರೂ ಒಪ್ಪಿಕೊಂಡೇ ಡೈವೋರ್ಸ್ ಪಡೆದು ಮೂರು ವರ್ಷವಾಗಿತ್ತು. ಮಗಳಿಗೆ ಎಂಟು. ಅವಳು ಇರುವುದು ಅಮ್ಮನ ಜೊತೆ, ಶನಿವಾರ ಮಾತ್ರ ನನ್ನ ಜೊತೆ. ಕೋರ್ಟಿನ ಡಿಕ್ರಿಯಲ್ಲಿ ಒಂದು ಸಾಲಿತ್ತು: ಇನ್ನೊಬ್ಬರ ಲಿಖಿತ ಒಪ್ಪಿಗೆ ಅಥವಾ ಕೋರ್ಟಿನ ಅನುಮತಿ ಇಲ್ಲದೆ ಮಗುವನ್ನು ದೇಶದ ಹೊರಗೆ ಕರೆದೊಯ್ಯುವಂತಿಲ್ಲ. ಅಂದು ಅದನ್ನು ಓದಿದ ನೆನಪೂ ನನಗಿರಲಿಲ್ಲ.

ಊರಿಂದ ನನ್ನ ಅಮ್ಮ ಫೋನ್ ಮಾಡಿದರು. "ಹಾಕಬೇಡ ಕಣೋ. ಹೋದವಳು ಅಲ್ಲೇ ಉಳಿದುಬಿಟ್ರೆ?" ಪಕ್ಕದಲ್ಲಿದ್ದ ಚಿಕ್ಕಪ್ಪ ಫೋನ್ ಕಿತ್ತುಕೊಂಡು, "ಕಾನೂನಲ್ಲಿ ಅಪ್ಪನೇ ಗಾರ್ಡಿಯನ್ ಮಾರಾಯ" ಅಂದರು. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯಲ್ಲಿ "ಅಪ್ಪ, ಅವನ ನಂತರ ಅಮ್ಮ" ಅಂತ ಇರುವುದು ನಿಜ. ಆದರೆ 1999ರಲ್ಲೇ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ "ನಂತರ"ಕ್ಕೆ ಬೇರೆ ಅರ್ಥ ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ಮಾತ್ರ ಅಂತಲ್ಲ, ಅಪ್ಪ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ಆಗಲೂ ಅಮ್ಮನೇ ಗಾರ್ಡಿಯನ್. ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಲು ಹೋಗಲಿಲ್ಲ.

ಅಮ್ಮನ ಭಯವನ್ನು ಮಾತ್ರ ತಳ್ಳಿಹಾಕಲು ಆಗಲಿಲ್ಲ. ಒಬ್ಬ ಪೋಷಕರು ಮಗುವನ್ನು ಬೇರೆ ದೇಶದಲ್ಲಿ ಇಟ್ಟುಕೊಂಡುಬಿಟ್ಟರೆ ವಾಪಸ್ ಕಳಿಸಲು 1980ರ ಹೇಗ್ ಒಪ್ಪಂದ ಅಂತ ಒಂದಿದೆ. ಜರ್ಮನಿ ಅದರಲ್ಲಿದೆ, ಭಾರತ ಇಲ್ಲ. 2016ರಲ್ಲಿ ಇಲ್ಲೊಂದು ಕರಡು ಮಸೂದೆ ಬಂತು, ಕಾನೂನಾಗಲಿಲ್ಲ. ಅಂದರೆ ಅವಳು ಅಲ್ಲೇ ಉಳಿದರೆ ಆ ಒಪ್ಪಂದ ಹಿಡಿದು ನಾನು ಕೇಳುವ ಹಾಗಿಲ್ಲ. ಅಲ್ಲಿನ ಕೋರ್ಟಿನಲ್ಲಿ, ಅಲ್ಲಿನ ಕಾನೂನಿನಂತೆ, ಅಲ್ಲಿನ ವಕೀಲರಿಗೆ ಯೂರೋ ಎಣಿಸಿಕೊಟ್ಟು ಹೋರಾಡಬೇಕು. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರನೇ ದಿನ ವಕೀಲರ ಹತ್ತಿರ ಹೋದೆ. ಅವರು ಕೇಳಿದ್ದು ಇಷ್ಟೇ. "ಅವರ ಕೆಲಸ ಎಲ್ಲಿದೆ? ತಾಯಿ ಎಲ್ಲಿದ್ದಾರೆ? ಮಗಳ ಸ್ಕೂಲ್ ಫೀಸ್ ಕಟ್ಟಿದ್ದಾರಾ?" ಕೆಲಸ ಇಲ್ಲೇ, ತಾಯಿ ಇಲ್ಲೇ, ಮುಂದಿನ ವರ್ಷದ ಫೀಸೂ ಕಟ್ಟಿ ಆಗಿತ್ತು. "ನೀವು ಬೇಡ ಅಂದ್ರೆ ಅವರು ಕೋರ್ಟಿಗೆ ಹೋಗ್ತಾರೆ. ಸೋದರಮಾವನ ಮನೆಗೆ ಮೂರು ವಾರ ಹೋಗಿಬರೋದಕ್ಕೆ ಜಡ್ಜ್ ಬೇಡ ಅನ್ನೋದು ಕಷ್ಟ ಸರ್. ಅದರ ಬದಲು ನಿಮಗೆ ಏನು ಬೇಕೋ ಅದನ್ನ ಪತ್ರದಲ್ಲಿ ಬರೆಸಿ."

ನಾನು ಆಗಲೇ ಇಂಟರ್ನೆಟ್ಟಿಂದ ಇಳಿಸಿಕೊಂಡಿದ್ದ ಒಂದು ಪತ್ರ ತೋರಿಸಿದೆ. "ನನ್ನ ಮಗಳು ತಾಯಿಯೊಂದಿಗೆ ವಿದೇಶಕ್ಕೆ ಹೋಗಲು ನನ್ನ ಆಕ್ಷೇಪಣೆ ಇಲ್ಲ." ಅವರು ಓದಿ ನಕ್ಕರು. ಯಾವ ದೇಶ, ಎಷ್ಟು ದಿನ, ಯಾವಾಗ ವಾಪಸ್, ಒಂದೂ ಇರಲಿಲ್ಲ. ಆ ಒಂದೇ ಸಾಲು ಹಿಡಿದು ಹತ್ತು ವರ್ಷ ಓಡಾಡಬಹುದಿತ್ತು.

ಹೊಸ ಪತ್ರಕ್ಕೆ ಒಂದು ವಾರ ಹಿಡಿಯಿತು. ಮಗಳ ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ನಂಬರ್, ಹೋಗುವ ಬರುವ ವಿಮಾನ, ಉಳಿಯುವ ಮನೆಯ ವಿಳಾಸ, ಅಲ್ಲಿ ಹುಷಾರು ತಪ್ಪಿದರೆ ಚಿಕಿತ್ಸೆಗೆ ತಾಯಿಯೊಬ್ಬಳೇ ಒಪ್ಪಿಗೆ ಕೊಡಬಹುದು ಅನ್ನುವ ಮಾತು. ಆಮೇಲೆ ನಾನು ಹಟ ಹಿಡಿದು ಸೇರಿಸಿದ್ದು: ಈ ಒಪ್ಪಿಗೆ ಈ ಒಂದು ಪ್ರಯಾಣಕ್ಕೆ ಮಾತ್ರ, ಅಲ್ಲಿ ಶಾಲೆಗೆ ಸೇರಿಸಲು ಅಥವಾ ವಾಸ ಬದಲಿಸಲು ಅಲ್ಲ. ದಿನ ಬಿಟ್ಟು ದಿನ ನಮ್ಮ ರಾತ್ರಿ 8ಕ್ಕೆ, ಅಂದರೆ ಅಲ್ಲಿಯ ಸಂಜೆ 4:30ಕ್ಕೆ, ವಿಡಿಯೊ ಕಾಲ್. ತಪ್ಪಿಹೋಗುವ ಶನಿವಾರಗಳ ಬದಲಿಗೆ ಮೇ 20ರಿಂದ 10 ದಿನ ಮಗಳು ನನ್ನ ಜೊತೆ ನಮ್ಮೂರು ತೀರ್ಥಹಳ್ಳಿಯಲ್ಲಿ. ಈ ಕೊನೆಯದಕ್ಕೆ ಅವಳು ಜಗಳ ಮಾಡುತ್ತಾಳೆ ಅಂದುಕೊಂಡಿದ್ದೆ. "ಸರಿ, ಛತ್ರಿ ಕೊಟ್ಟು ಕಳಿಸ್ತೀನಿ" ಅಂತ ಉತ್ತರ ಬಂತು.

ಷರತ್ತುಗಳನ್ನೆಲ್ಲ ಜಾಯಿಂಟ್ ಮೆಮೊ, ಅಂದರೆ ಇಬ್ಬರ ಜಂಟಿ ಹೇಳಿಕೆ, ಮಾಡಿ ಫ್ಯಾಮಿಲಿ ಕೋರ್ಟಿಗೂ ಹಾಕಿದೆವು. ವಾಪಸ್ ಕರೆತರುತ್ತೇನೆ ಅಂತ ಅವಳು ಅಫಿಡವಿಟ್ ಕೊಟ್ಟಳು. ನಾವಿಬ್ಬರೇ ಬರೆದುಕೊಂಡ ಪತ್ರ ಮುರಿದರೆ ಅದು ನಮ್ಮಿಬ್ಬರ ಜಗಳ ಅಷ್ಟೇ. ಕೋರ್ಟ್ ಆದೇಶ ಮುರಿದರೆ ಅದರ ತೂಕವೇ ಬೇರೆ. ನನಗೆ ನಿದ್ದೆ ಬಂದದ್ದು ಆ ಆದೇಶ ಕೈಗೆ ಬಂದ ದಿನ.

ಪಾಸ್‌ಪೋರ್ಟ್ ಕೆಲಸ ಅದಕ್ಕೂ ಮೊದಲೇ ಸಲೀಸಾಗಿ ಮುಗಿದಿತ್ತು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯಸ್ಸು, ಮಗು ಇದ್ದಾಗ ಮಾಡಿಸಿದ್ದು ಮುಗಿದುಹೋಗಿತ್ತು. ಅಪ್ಪ ಅಮ್ಮ ಇಬ್ಬರೂ ಒಪ್ಪಿದರೆ ಅನೆಕ್ಸರ್ ಡಿ ಅನ್ನುವ ಘೋಷಣಾ ಪತ್ರ ತುಂಬಿ ಇಬ್ಬರೂ ಸಹಿ ಹಾಕಬೇಕು. ಒಬ್ಬರು ಒಪ್ಪದಿದ್ದರೆ ಅನೆಕ್ಸರ್ ಸಿ. 2016ರ ಡಿಸೆಂಬರಿನಿಂದ ಇವೆಲ್ಲ ಬಿಳಿ ಹಾಳೆಯಲ್ಲೇ ಸಾಕು, ನೋಟರಿ ಬೇಡ.

ವೀಸಾ ಹಾಗಲ್ಲ. ಮಗುವಿನ ಅರ್ಜಿಗೂ ನನ್ನ ಸಹಿ ಬೇಕಿತ್ತು, ಒಪ್ಪಿಗೆ ಪತ್ರ ನೋಟರಿ ಆಗಿರಬೇಕಿತ್ತು, ಜೊತೆಗೆ ನನ್ನ ಪಾಸ್‌ಪೋರ್ಟಿನ ಪ್ರತಿ. ನಾನು ಎಡವಿದ್ದು ಇಲ್ಲೇ. ಬ್ಯಾಂಕು, ಆಫೀಸು ಎಲ್ಲ ಕಡೆ ನನ್ನದು ಕನ್ನಡ ಸಹಿ. ನೋಟರಿ ಮುಂದೆಯೂ ಜೋರಾಗಿ ಕನ್ನಡದಲ್ಲೇ ಹಾಕಿದೆ. ಪಾಸ್‌ಪೋರ್ಟಿನಲ್ಲಿ ನೋಡಿದರೆ ಕಾಲೇಜು ದಿನಗಳ ಇಂಗ್ಲಿಷ್ ಸಹಿ! ಕೌಂಟರಿನಲ್ಲಿದ್ದ ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು, "ಮೇಡಂ, ಇವರು ಅವರೇನಾ?" ಅಂದಳಂತೆ. ಮತ್ತೆ ಇ-ಸ್ಟ್ಯಾಂಪ್ ಪೇಪರ್, ಮತ್ತೆ ನೋಟರಿ, ಮತ್ತೆ ಅಪಾಯಿಂಟ್‌ಮೆಂಟ್. ಹದಿನೈದು ವರ್ಷದ ಹಿಂದಿನ ಸಹಿಯನ್ನು ಹಳೇ ನೋಟ್‌ಬುಕ್ಕಿನಲ್ಲಿ ಒಂದು ಪುಟ ಅಭ್ಯಾಸ ಮಾಡಿಕೊಂಡು ಹೋಗಿದ್ದೆ.

ಏಪ್ರಿಲ್ ಕೊನೆಯಲ್ಲಿ ಹೋದರು. ಕಾಲ್ ಎರಡು ಸಲ ತಪ್ಪಿತು, ನಾನು ಗಲಾಟೆ ಮಾಡಲಿಲ್ಲ. ಮೇ 17ಕ್ಕೆ ವಾಪಸ್ ಬಂದರು. 20ಕ್ಕೆ ತೀರ್ಥಹಳ್ಳಿಯಲ್ಲಿ ಬಸ್ಸಿಳಿದಾಗ ಮಗಳ ಕೈಯಲ್ಲಿ ಛತ್ರಿ ಇತ್ತು, ಬ್ಯಾಗಿನಲ್ಲಿ ಅಜ್ಜಿಗೆ ಅಂತ ಚಾಕೊಲೇಟ್. ಅಮ್ಮನಿಗೆ ಶುಗರ್ ಇದೆ. ಎರಡು ತಿಂದೇಬಿಟ್ಟರು.

ಆ ಪತ್ರದ ಫೈಲ್ ಈಗಲೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಮುಂದಿನ ರಜೆಗೆ ಸಿಂಗಪುರವಂತೆ. ತಾರೀಕು, ವಿಳಾಸ ಬದಲಿಸಿಟ್ಟಿದ್ದೇನೆ. ಸಹಿ ಇಂಗ್ಲಿಷಿನಲ್ಲಿ ಅಂತ ಮೇಲೆ ಕೆಂಪಕ್ಷರದಲ್ಲಿ ಬರೆದುಕೊಂಡಿದ್ದೇನೆ.